ಹತ್ತು ಊರುಗಳಿಗೆಂದು ಬರೆದ ಶಾಲೆ

ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿ ಹೆನ್ರಿ ಮೂರ್ ಮಾಡಿದ ಒಂದು ಕಂಚಿನ ಶಿಲ್ಪವಿದೆ. ಗಂಡ, ಹೆಂಡತಿ ಒಂದು ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತಿದ್ದಾರೆ, ನಡುವೆ ಮಗು. ಇಬ್ಬರ ತೋಳುಗಳೂ ಮಗುವಿನ ಬಳಿ ಬಂದು ಸೇರುತ್ತವೆ. ಯಾರ ಕೈ ಎಲ್ಲಿ ಮುಗಿಯಿತು, ಯಾರದ್ದು ಎಲ್ಲಿ ಶುರುವಾಯಿತು ಎಂದು ಕಣ್ಣು ತುಸು ಹುಡುಕಬೇಕಾಗುತ್ತದೆ. ಇದು ಹುಟ್ಟಿದ್ದು ಒಂದು ಹಳ್ಳಿಯ ಶಾಲೆಗಾಗಿ, ಆ ಶಾಲೆಗೆ ಇದು ಕೊನೆಗೂ ಬರಲಿಲ್ಲ ಎಂದು ತಿಳಿದಂದಿನಿಂದ ಈ ಶಿಲ್ಪ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ.

ಕೇಂಬ್ರಿಜ್ ಪಕ್ಕದಲ್ಲಿ ಇಂಪಿಂಗ್ಟನ್ ಎಂಬ ಹಳ್ಳಿ. 1930ರ ದಶಕದಲ್ಲಿ ಅಲ್ಲಿಯ ಶಾಲೆಗೆ ನಕ್ಷೆ ಬರೆಯುತ್ತಿದ್ದ ವಾಲ್ಟರ್ ಗ್ರೋಪಿಯಸ್, ಅಲ್ಲಿಗೊಂದು ಶಿಲ್ಪ ಮಾಡಿಕೊಡುತ್ತೀರಾ ಎಂದು ಮೂರ್ ಅವರನ್ನು ಕೇಳಿದರು. ಆಗ ಹಣ ಹೊಂದಲಿಲ್ಲ. ಯುದ್ಧ ಮುಗಿಯುವ ಸೂಚನೆ ಕಾಣುತ್ತಿದ್ದಂತೆ, 1944ರಲ್ಲಿ, ಕೇಂಬ್ರಿಜ್‌ಶೈರ್ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ಶಿಕ್ಷಣ ಕಾರ್ಯದರ್ಶಿ ಹೆನ್ರಿ ಮಾರಿಸ್ ಮತ್ತೆ ಕೇಳಿದರು. ಹಗಲು ಮಕ್ಕಳೂ ಸಂಜೆ ಅವರ ಅಪ್ಪ ಅಮ್ಮಂದಿರೂ ಒಂದೇ ಕಟ್ಟಡಕ್ಕೆ ಬರುವ ಶಾಲೆ ಇದು ಎಂಬ ವಿಚಾರ ಮೂರ್ ಅವರಿಗೆ ಹಿಡಿಸಿತು. ಅದಕ್ಕೆ ಕುಟುಂಬವೇ ತಕ್ಕ ವಸ್ತು ಎಂದುಕೊಂಡರು. ಮೇಜಿನ ಮೇಲಿಟ್ಟುಕೊಳ್ಳುವಷ್ಟು ಚಿಕ್ಕ ಮಣ್ಣಿನ ಮಾದರಿಗಳನ್ನು ಒಂದರ ಮೇಲೊಂದು ಮಾಡಿದರು. ಎರಡನೆಯ ಸಲವೂ ಹಣ ಒದಗಲಿಲ್ಲ. ಪಕ್ಕದ ಹರ್ಟ್‌ಫರ್ಡ್‌ಶೈರ್‌ನ ಶಿಕ್ಷಣಾಧಿಕಾರಿ ಜಾನ್ ನ್ಯೂಸಮ್, ಮಾರಿಸ್ ಅವರ ವಿಚಾರಗಳನ್ನು ಮೆಚ್ಚಿಕೊಂಡಿದ್ದವರು, ಆಮೇಲೆ ಸ್ಟೀವನೇಜಿನ ಬಾರ್ಕ್ಲೇ ಶಾಲೆಗೆಂದು ಅದನ್ನು ಮಾಡಿಸಿಕೊಂಡರು. 1949ರ ಹೊತ್ತಿಗೆ ಕಂಚು ಎರಕವಾಯಿತು. ಅದೇ ಶಿಲ್ಪದ ಬೇರೆ ಎರಕಗಳು ಟೇಟ್‌ಗೂ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಹೋದವು. ಲೋಕದ ದೊಡ್ಡ ನಗರಗಳಿಗೆ ದಕ್ಕಿತು, ಯಾವ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಮಣ್ಣು ಹಿಸುಕಿದರೋ ಆ ಹಳ್ಳಿಗೆ ದಕ್ಕಲಿಲ್ಲ.

ಸಾರ್ವಜನಿಕ ಯೋಜನೆಗಳಲ್ಲಿ ಹಣ ಸಾಲದೆ ಬಂದಾಗ ಮೊದಲು ಏನನ್ನು ಕೈಬಿಡುತ್ತಾರೆ ಎಂಬುದನ್ನು ಗಮನಿಸಿದರೆ, ಆ ಯೋಜನೆಯನ್ನು ಒಪ್ಪಿದವರು ಅದನ್ನು ಎಷ್ಟು ಅರ್ಥ ಮಾಡಿಕೊಂಡಿದ್ದರು ಎಂಬುದು ತಿಳಿಯುತ್ತದೆ. ಮಾರಿಸ್ ಅವರ ಯೋಜನೆಯಲ್ಲಿ ಶಿಲ್ಪವೊಂದೇ ಬಿಟ್ಟುಹೋದದ್ದಲ್ಲ. ಹಗಲು ಮಕ್ಕಳಿಗೂ ಸಂಜೆ ದೊಡ್ಡವರಿಗೂ ತೆರೆದಿರುವ ಇಂಥ ಶಾಲೆಗಳನ್ನು ಕೌಂಟಿಯ ತುಂಬ ಹತ್ತು ಕಡೆ ಕಟ್ಟಬೇಕೆಂದು ಅವರು 1924ರಲ್ಲಿ ಬರೆದದ್ದು ಯುದ್ಧ ಶುರುವಾಗುವಷ್ಟರಲ್ಲಿ ನಾಲ್ಕಕ್ಕೆ ನಿಂತಿತು. ಆ ನಾಲ್ಕರಲ್ಲೂ ಬರೆದದ್ದೆಲ್ಲ ಕಟ್ಟಡವಾಗಲಿಲ್ಲ. ಆಗದೆ ಉಳಿದದ್ದು ಅಂಚಿನ ಅಲಂಕಾರವಲ್ಲ, ಯೋಜನೆಯ ತಿರುಳೇ ಎಂಬುದು ನನ್ನ ಅನಿಸಿಕೆ. ಅದನ್ನೇ ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ.

ಎತ್ತರದ ಕಿಟಕಿಗಳು

ಮಾರಿಸ್ ಕೇಂಬ್ರಿಜ್‌ಶೈರ್ ಶಿಕ್ಷಣ ಕಚೇರಿಗೆ ಸೇರಿದ್ದು 1921ರಲ್ಲಿ. ಮರುವರ್ಷವೇ ಅದರ ಮುಖ್ಯಸ್ಥರಾದರು. ಕೇಂಬ್ರಿಜ್ ಎಂದೊಡನೆ ನಮಗೆ ವಿಶ್ವವಿದ್ಯಾಲಯ, ಕಲ್ಲಿನ ಗೋಪುರ, ನದಿ ನೆನಪಾಗುತ್ತವೆ. ನಗರದ ಗಡಿ ದಾಟಿದರೆ ಸಿಗುತ್ತಿದ್ದ ಕೌಂಟಿ ಬೇರೆಯೇ. ಗೋಧಿ, ಬಾರ್ಲಿ, ಸಕ್ಕರೆ ಬೀಟ್ ಬೆಳೆಯುವ ಬಯಲು. ಬೇರೆ ಕೌಂಟಿಗಳ ಪಕ್ಕದಲ್ಲಿಟ್ಟರೆ ತೆರಿಗೆ ಹುಟ್ಟುವುದೇ ಕಡಿಮೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಕೊಟ್ಟಿದ್ದ ಬೆಲೆಯ ಭರವಸೆಯನ್ನು ಸರ್ಕಾರ 1921ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಹಿಂದಿನ ವರ್ಷ ವಾರಕ್ಕೆ 46 ಶಿಲಿಂಗ್ ಇದ್ದ ಕೃಷಿ ಕೂಲಿ ಒಂದೆರಡು ವರ್ಷಗಳಲ್ಲಿ ಪೂರ್ವ ಇಂಗ್ಲೆಂಡಿನ ಕೆಲವೆಡೆ 25 ಶಿಲಿಂಗಿಗೆ ಇಳಿಯಿತು. ನೆರೆಯ ನಾರ್ಫೋಕ್‌ನಲ್ಲಿ 1923ರಲ್ಲಿ ಕೂಲಿಕಾರರು ಮುಷ್ಕರ ಹೂಡಿದರು. ಓಡಾಡಬಲ್ಲ ಹುಡುಗ ಹುಡುಗಿಯರು ಪಟ್ಟಣಕ್ಕೆ ಹೋಗುತ್ತಿದ್ದರು. ಉಳಿದವರಿಗೆ ಸಂಜೆಯಾದ ಮೇಲೆ ಹೋಗಲು ಪಬ್ಬು, ಭಾನುವಾರ ಚರ್ಚು.

ಶಾಲೆಗಳು ಇದ್ದವು, ಬಹುಪಾಲು ಇಂಗ್ಲೆಂಡಿನ ಚರ್ಚಿನವು. ವಿಕ್ಟೋರಿಯಾ ಕಾಲದ ಒಂದು ದೊಡ್ಡ ಕೋಣೆ, ನಡುವೆ ಪರದೆ ಎಳೆದು ಎರಡು ಮಾಡಿದ್ದು, ಒಂದು ಕಬ್ಬಿಣದ ಒಲೆ. ಒಲೆಯ ಹತ್ತಿರದ ಮಕ್ಕಳಿಗೆ ಸೆಕೆ, ದೂರದವರಿಗೆ ಚಳಿ. ಕಿಟಕಿಗಳನ್ನು ಎತ್ತರದಲ್ಲಿ ಇಡುವುದು ಆ ಕಾಲದ ರೂಢಿ: ಬೆಳಕು ಬರಬೇಕು, ಆದರೆ ಕುಳಿತ ಮಗುವಿನ ಕಣ್ಣು ಹೊರಗೆ ಹೋಗಬಾರದು. ಐದು ವರ್ಷದ ಮಗುವೂ ಹದಿಮೂರರ ಹುಡುಗನೂ ಒಂದೇ ಸೂರಿನಡಿ, ಒಬ್ಬಿಬ್ಬರು ಉಪಾಧ್ಯಾಯರ ಕೈಯಲ್ಲಿ. ಹಳ್ಳಿಗಳಲ್ಲಿ ಸಹಾಯಕ ಶಿಕ್ಷಕಿಯಾಗಲು ಆಗಿನ ನಿಯಮ ಕೇಳುತ್ತಿದ್ದುದನ್ನು ಓದಿದಾಗ ನಾನು ಪುಟ ತಿರುಗಿಸದೆ ಕುಳಿತುಬಿಟ್ಟೆ: ಹೆಂಗಸಾಗಿರಬೇಕು, ಹದಿನೆಂಟು ದಾಟಿರಬೇಕು, ಸಿಡುಬಿನ ಲಸಿಕೆ ಹಾಕಿಸಿಕೊಂಡಿರಬೇಕು, ಇನ್‌ಸ್ಪೆಕ್ಟರ್ ಒಪ್ಪಬೇಕು. ಅಷ್ಟೇ. ಆ ಹೆಣ್ಣುಮಕ್ಕಳನ್ನು ಹಳಿಯುವ ಮಾತಲ್ಲ ಇದು. ಎಷ್ಟೋ ಮಂದಿ ಚಿಕ್ಕ ಸಂಬಳಕ್ಕೆ ಜೀವಮಾನವಿಡೀ ದುಡಿದವರು. ಒಂದು ದೇಶ ತನ್ನ ಹಳ್ಳಿಯ ಮಕ್ಕಳಿಗೆ ಇಷ್ಟು ಸಾಕು ಎಂದು ಬರಹದಲ್ಲಿಟ್ಟು ಮುಂದುವರಿಯಿತಲ್ಲ, ಅದು ನನ್ನನ್ನು ಚುಚ್ಚುತ್ತದೆ.

ಮಾರಿಸ್ ಅವರ ಹಿನ್ನೆಲೆ ಗೊತ್ತಾದರೆ ಮುಂದಿನದ್ದು ಇನ್ನಷ್ಟು ಸ್ಪಷ್ಟವಾಗುತ್ತದೆ. 1889ರಲ್ಲಿ ಲ್ಯಾಂಕಶೈರ್‌ನ ಸೌತ್‌ಪೋರ್ಟ್‌ನಲ್ಲಿ ಹುಟ್ಟಿದವರು, ಪ್ಲಂಬರ್ ಒಬ್ಬರ ಮಗ, ತುಂಬಿದ ಮನೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಊರಿನ ಪತ್ರಿಕೆಯ ಕಚೇರಿಯಲ್ಲಿ ಆಳಾಗಿ ಸೇರಿದರು. ಕೆಲಸ ಮಾಡುತ್ತಲೇ ಸಂಜೆಯ ತರಗತಿಗಳಲ್ಲಿ ಓದಿ, ವೇಲ್ಸ್‌ನ ಲ್ಯಾಂಪಿಟರ್, ಆಮೇಲೆ ಆಕ್ಸ್‌ಫರ್ಡ್, ಮಹಾಯುದ್ಧದ ಸೇವೆ ಮುಗಿಸಿ ಕೇಂಬ್ರಿಜ್. ಬಾಲ್ಯದ ಬಗ್ಗೆ ಅವರು ಮಾತು ಬೆಳೆಸುತ್ತಿದ್ದವರಲ್ಲ. ನನಗನಿಸುವುದು, ಅವರು ಬರೆದ ಯೋಜನೆಯೇ ಆ ಮಾತು. ಹದಿನಾಲ್ಕಕ್ಕೆ ಬಾಗಿಲು ಮುಚ್ಚಿಸಿಕೊಂಡು, ಸಂಜೆಯ ಬಾಗಿಲಿನಿಂದ ಒಳಗೆ ಬಂದ ಮನುಷ್ಯ ಶಾಲೆ ಎಂದರೆ ಏನೆಂದು ಯೋಚಿಸಿದರೆ, ಸಂಜೆಯಲ್ಲದೆ ಬೇರೆಲ್ಲಿಂದ ಶುರುಮಾಡಿಯಾನು?

ಬಿಡುವುದೇ ಇಲ್ಲದ ಶಾಲೆ

1924ರ ಡಿಸೆಂಬರಿನಲ್ಲಿ ಮಾರಿಸ್ ಒಂದು ಪ್ರಸ್ತಾವವನ್ನು ಅಚ್ಚು ಹಾಕಿಸಿ ಕೌಂಟಿಯ ಮುಂದಿಟ್ಟರು. ಹೆಸರು ಗ್ರಾಮ ಕಾಲೇಜು. ಸುತ್ತಲಿನ ಹಳ್ಳಿಗಳಿಗೆ ನಡುವಾಗಿರುವ ಒಂದು ದೊಡ್ಡ ಊರನ್ನು ಆರಿಸುವುದು. ಸುತ್ತಲಿನ ಹಳ್ಳಿಗಳ ಚಿಕ್ಕ ಮಕ್ಕಳು ಹನ್ನೊಂದರವರೆಗೆ ತಮ್ಮೂರಲ್ಲೇ ಓದಲಿ. ಆಮೇಲೆ ಇಲ್ಲಿಗೆ ಬರಲಿ. ಇಷ್ಟನ್ನು ಆ ಕಾಲದಲ್ಲಿ ಬೇರೆಯವರೂ ಹೇಳುತ್ತಿದ್ದರು. ಎರಡು ವರ್ಷದ ನಂತರ ಬಂದ ಹ್ಯಾಡೋ ಸಮಿತಿಯ ವರದಿ ಇಡೀ ದೇಶಕ್ಕೆ ಇದನ್ನೇ ಶಿಫಾರಸು ಮಾಡಿತು. ಮಾರಿಸ್ ಅವರದ್ದು ಬೇರೆಯಾಗುವುದು ಇದರ ಮುಂದಿನ ಮಾತಿನಲ್ಲಿ. ಹಳ್ಳಿಯಲ್ಲಿ ಚೂರುಚೂರಾಗಿ ನಡೆಯುತ್ತಿದ್ದ ಎಲ್ಲವನ್ನೂ ಅವರು ಪಟ್ಟಿ ಮಾಡಿದರು. ಊರಿನ ಸಭಾಂಗಣ, ವಾಚನಾಲಯ, ಸಂಜೆಯ ತರಗತಿ, ಬೇಸಾಯದ ಪಾಠ, ಮಹಿಳಾ ಸಮಾಜ, ಮಾಜಿ ಸೈನಿಕರ ಸಂಘ, ಸ್ಕೌಟ್ಸ್, ಆಟದ ಮೈದಾನ, ಕೌಂಟಿ ಗ್ರಂಥಾಲಯದ ಶಾಖೆ. ಒಂದಕ್ಕೆ ಸರಿಯಾದ ಕೋಣೆಯಿಲ್ಲ, ಇನ್ನೊಂದಕ್ಕೆ ಬೆಂಕಿ ಹಾಕಲು ಕಲ್ಲಿದ್ದಲಿಲ್ಲ, ಮತ್ತೊಂದಕ್ಕೆ ಬರುವವರಿಲ್ಲ. ಇವೆಲ್ಲವನ್ನೂ ಶಾಲೆಯ ಜೊತೆ ಒಂದೇ ಸೂರಿಗೆ ತಂದರೆ, ಯಾವೊಂದಕ್ಕೂ ಒಂಟಿಯಾಗಿ ಕೈಗೆಟುಕದ ಕಟ್ಟಡ ಎಲ್ಲಕ್ಕೂ ಸಿಗುತ್ತದೆ.

ಆ ಬರಹದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಭಾಗವೆಂದರೆ, ಅಲ್ಲಿ ಶಾಲೆ ಬಿಡುವುದು ಎಂಬುದೇ ಇರುವುದಿಲ್ಲ ಎಂದು ಹೇಳುವ ಸಾಲು: ಮಗು ಮೂರು ವರ್ಷಕ್ಕೆ ಒಳಗೆ ಬರುತ್ತದೆ, ಹಣ್ಣು ಮುದಿತನದಲ್ಲಷ್ಟೇ ಅಲ್ಲಿಂದ ಹೊರಗೆ ಹೋಗುತ್ತದೆ. ಇದನ್ನು ಒಂದು ಚೆಂದದ ಮಾತು ಎಂದು ಬದಿಗಿಡುವುದು ಸುಲಭ. ನಾನು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಬರೆದವರು ಅದನ್ನು ಹಾಗೆಯೇ ಬರೆದಿದ್ದರು. ಯೋಜನೆಯಲ್ಲಿ ಶಿಶುಗಳಿಗೂ ತಾಯಂದಿರಿಗೂ ಆರೋಗ್ಯ ಕೇಂದ್ರವಿತ್ತು. ಇದನ್ನೆಲ್ಲ ನೋಡಿಕೊಳ್ಳಲು ವಾರ್ಡನ್ ಎಂಬ ಒಬ್ಬರು. ಅವರು ಹಗಲಿನ ಮುಖ್ಯೋಪಾಧ್ಯಾಯರೂ ಹೌದು, ಸಂಜೆಯ ಹೊಣೆಗಾರರೂ ಹೌದು. ಅಂದರೆ ಎರಡು ಸಂಸ್ಥೆಗಳು ಒಂದು ಕಟ್ಟಡವನ್ನು ಹಂಚಿಕೊಂಡದ್ದಲ್ಲ, ಒಂದೇ ಸಂಸ್ಥೆ.

ನನ್ನ ತಾಯಿ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು. ಶಾಲೆ ಬಿಟ್ಟ ಮೇಲೆ ಮತ್ತೆ ಆ ಕಟ್ಟಡದೊಳಗೆ ಕಾಲಿಟ್ಟದ್ದು ವೋಟು ಹಾಕುವ ದಿನಗಳಲ್ಲಿ ಮಾತ್ರ ಎಂದು ಒಮ್ಮೆ ಹೇಳಿದ್ದಳು. ಸಾಲಿನಲ್ಲಿ ನಿಂತಾಗ ಗೋಡೆಯ ಮೇಲಿನ ನಕಾಶೆಗಳನ್ನು ನೋಡುತ್ತಿದ್ದಳಂತೆ. ಕೇಂಬ್ರಿಜ್‌ಶೈರ್‌ನ ಈ ಹಳೆಯ ಪ್ರಸ್ತಾವವನ್ನು ಓದುವಾಗ ಅವಳ ಆ ಮಾತು ನನ್ನೊಳಗೆ ಕೂತಿತ್ತು. ಬೇರೆ ದೇಶ, ಬೇರೆ ಕಾಲ, ಹೋಲಿಸಿ ತೂಗುವುದು ನನ್ನ ಉದ್ದೇಶವಲ್ಲ. ಈ ವಿಷಯ ನನಗೆ ಯಾಕೆ ಬೇಕು ಎಂಬುದಕ್ಕೆ ಇಷ್ಟನ್ನು ಹೇಳಿದೆ.

ಮೊದಲು ದಾಟಬೇಕಾಗಿದ್ದ ಹೊಳೆ

ಯೋಜನೆ ಬರೆಯುವ ಮುಂಚೆಯೇ ಮಾರಿಸ್ ಒಂದು ಕೆಲಸ ಮುಗಿಸಿಕೊಂಡಿದ್ದರು; ಅವರ ವ್ಯವಹಾರಜ್ಞಾನ ಕಾಣುವುದು ಅಲ್ಲಿ. ಶಾಲೆಗಳು ಚರ್ಚಿನ ಕೈಯಲ್ಲಿದ್ದವು ಎಂದೆನಲ್ಲ. ದೊಡ್ಡ ಮಕ್ಕಳನ್ನು ಅಲ್ಲಿಂದ ಕೌಂಟಿಯ ಶಾಲೆಗೆ ತರಬೇಕೆಂದರೆ ಚರ್ಚು ಒಪ್ಪಬೇಕು. ಚರ್ಚಿನವರಿಗೂ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಬೇರೆ ಪಂಗಡಗಳಿಗೂ ಮಕ್ಕಳಿಗೆ ಯಾವ ಧರ್ಮ ಕಲಿಸಬೇಕು ಎಂಬುದರ ಮೇಲೆ ದಶಕಗಳಿಂದ ಜಗಳ. 1902ರ ಶಿಕ್ಷಣ ಕಾಯ್ದೆಯ ನಂತರ ಇದೇ ಕಾರಣಕ್ಕೆ ತೆರಿಗೆ ಕಟ್ಟಲು ನಿರಾಕರಿಸಿ ಜೈಲಿಗೆ ಹೋದವರೂ ಇದ್ದರು. ಎಲ್ಲ ಪಂಗಡಗಳೂ ಒಪ್ಪುವಂಥ ಒಂದು ಧಾರ್ಮಿಕ ಪಠ್ಯಕ್ರಮವನ್ನು ಕೌಂಟಿಯಲ್ಲಿ ಸಿದ್ಧಪಡಿಸಿದರು. 1924ರಲ್ಲಿ ಪ್ರಕಟವಾದ ಆ ಕೇಂಬ್ರಿಜ್‌ಶೈರ್ ಪಠ್ಯಕ್ರಮವನ್ನು ಆಮೇಲೆ ಬೇರೆ ಎಷ್ಟೋ ಕೌಂಟಿಗಳು ತೆಗೆದುಕೊಂಡವು. ಚರ್ಚಿನ ಹೊಳೆ ದಾಟಿದರು. ಹಣದ ಹೊಳೆಯನ್ನು ಪೂರ್ತಿ ದಾಟಲಾಗಲಿಲ್ಲ.

1918ರ ಫಿಶರ್ ಕಾಯ್ದೆ ಶಾಲೆ ಬಿಡುವ ವಯಸ್ಸನ್ನು ಹದಿನಾಲ್ಕಕ್ಕೆ ಗಟ್ಟಿ ಮಾಡಿ, ಅದರ ಮೇಲಿನವರಿಗೆ ಹಗಲಿನ ಮುಂದುವರಿಕೆ ತರಗತಿಗಳನ್ನೂ ಭರವಸೆ ಕೊಟ್ಟಿತ್ತು. 1922ರಲ್ಲಿ ಎರಿಕ್ ಗೆಡ್ಡೆಸ್ ಅವರ ಸಮಿತಿ ಸರ್ಕಾರಿ ಖರ್ಚಿಗೆ ಕೊಡಲಿ ಹಾಕಿದಾಗ ಆ ತರಗತಿಗಳು ಹೆಚ್ಚುಕಡಿಮೆ ದೇಶದೆಲ್ಲೆಡೆ ಸತ್ತವು. ಮಾರಿಸ್ ತಮ್ಮ ಯೋಜನೆ ಬರೆದದ್ದು ಅದಾಗಿ ಎರಡೇ ವರ್ಷಕ್ಕೆ. ಕೌಂಟಿ ಕೌನ್ಸಿಲ್‌ನಲ್ಲಿ ಕುಳಿತವರು ಬಹುಪಾಲು ರೈತರು, ಜಮೀನುದಾರರು. ಪ್ರತಿ ಪೆನ್ನಿಯ ತೆರಿಗೆಯೂ ತಮ್ಮದೇ ಜೇಬಿನಿಂದ ಹೋಗುವಂಥವರು. ಶಾಲೆಯ ಖರ್ಚನ್ನು ಅವರು ಕಾನೂನಿಗೆ ತಲೆಬಾಗಿ ಒಪ್ಪಬಹುದು. ಸಂಜೆ ದೊಡ್ಡವರು ಬಂದು ನಾಟಕ ಆಡುವ ಕೋಣೆಗೆ? ಅದಕ್ಕೆ ಮಾರಿಸ್ ಹೊರಗೆ ಕೈಚಾಚಬೇಕಾಯಿತು. ಕಾರ್ನೆಗಿ ದತ್ತಿ ಕೊಟ್ಟಿತು. ಅಮೆರಿಕಕ್ಕೆ ಹೋಗಿ ರಾಕ್‌ಫೆಲ್ಲರ್ ಕುಟುಂಬದ ಸ್ಪೆಲ್ಮನ್ ನಿಧಿಯಿಂದ ದೊಡ್ಡ ಮೊತ್ತವನ್ನೇ ತಂದರು. ಸಾಸ್ಟನ್‌ನಲ್ಲಿ ಕಾಗದದ ಗಿರಣಿಯ ಸ್ಪೈಸರ್ ಕುಟುಂಬ ನೆರವಾಯಿತು. 1930ರಲ್ಲಿ ಸಾಸ್ಟನ್ ಗ್ರಾಮ ಕಾಲೇಜನ್ನು ಯುವರಾಜ ಉದ್ಘಾಟಿಸಿದರು. ಮುಂದಿನ ಎರಡು, ಬಾಟಿಶಮ್ ಮತ್ತು ಲಿಂಟನ್, ಬರಲು 1937ರವರೆಗೆ ಕಾಯಬೇಕಾಯಿತು. ನಡುವೆ ಮಹಾ ಆರ್ಥಿಕ ಕುಸಿತ.

ನಾಲ್ಕನೆಯದೇ ಇಂಪಿಂಗ್ಟನ್. ನಾಜಿಗಳ ಜರ್ಮನಿ ಬಿಟ್ಟು 1934ರಲ್ಲಿ ಲಂಡನ್ನಿಗೆ ಬಂದಿದ್ದ ಗ್ರೋಪಿಯಸ್, ಅಲ್ಲಿಯ ಹೆಸರಾಂತ ಕಲೆ ಮತ್ತು ವಿನ್ಯಾಸದ ಶಾಲೆ ಬೌಹೌಸನ್ನು ಕಟ್ಟಿದ ವಾಸ್ತುಶಿಲ್ಪಿ, ಇಂಗ್ಲೆಂಡಿನಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದರು. ಹಳ್ಳಿಯ ಶಾಲೆಗೆ ಯೂರೋಪಿನ ಅತ್ಯುತ್ತಮ ವಾಸ್ತುಶಿಲ್ಪಿಯೇ ಬೇಕು ಎಂದು ಮಾರಿಸ್ ಹಟ ಹಿಡಿದರು. ಕೌಂಟಿಗೆ ತನ್ನದೇ ಸಂಬಳದ ವಾಸ್ತುಶಿಲ್ಪಿ ಇರುವಾಗ ಹೊರಗಿನವರಿಗೆ ಶುಲ್ಕ ಯಾಕೆ ಎಂಬ ಪ್ರಶ್ನೆ ಎದ್ದಿತು. ಗ್ರೋಪಿಯಸ್‌ಗೆ ಇಂಗ್ಲೆಂಡಿನಲ್ಲಿ ಆಸರೆಯಾಗಿದ್ದ ಜ್ಯಾಕ್ ಪ್ರಿಚರ್ಡ್ ಕಲೆಯ ಅಭಿಮಾನಿಗಳಿಂದ ಆ ಶುಲ್ಕವನ್ನು ಕೂಡಿಸಿದರು. ಹಿಸ್ಟನ್‌ನ ಜಾಮ್ ಕಾರ್ಖಾನೆಯ ಚಿವರ್ಸ್ ಕುಟುಂಬ ಜಾಗ ಕೊಟ್ಟಿತು. ಕಟ್ಟಡ ಏಳುವ ಮೊದಲೇ, 1937ರಲ್ಲಿ, ಗ್ರೋಪಿಯಸ್ ಹಾರ್ವರ್ಡ್‌ಗೆ ಹೊರಟುಹೋದರು. ಜೊತೆಗಾರ ಮ್ಯಾಕ್ಸ್‌ವೆಲ್ ಫ್ರೈ ಉಳಿದ ಕೆಲಸ ನೋಡಿಕೊಂಡರು.

ಒಂದು ಸಂಜೆಯ ತರಗತಿ

ನಾನು ಕೇಂಬ್ರಿಜ್‌ನಲ್ಲಿ ನೆಲೆಸಿದ ಮೇಲೆ ಇಂಪಿಂಗ್ಟನ್ ಸೈಕಲ್ ದೂರದ ಊರಾಯಿತು. ಅಲ್ಲಿ ಚಳಿಗಾಲದ ಒಂದು ಸಂಜೆಯ ತರಗತಿಗೆ ಹೋದದ್ದು ಚೆನ್ನಾಗಿ ನೆನಪಿದೆ. ನಾಲ್ಕು ಗಂಟೆಗೇ ಕತ್ತಲಾಗುವ ಕಾಲ. ಮರಗಳ ನಡುವಿನಿಂದ ಹೋದರೆ ಮೊದಲು ಕಾಣುವುದು ಬೆಳಕು. ಕಟ್ಟಡ ಅಷ್ಟು ತಗ್ಗು. ಹಳದಿ ಮಿಶ್ರಿತ ಇಟ್ಟಿಗೆಯ ಗೋಡೆ ಮೆಲ್ಲನೆ ಬಾಗುತ್ತ ಹೋಗುತ್ತದೆ. ಗೋಡೆ ಬಾಗಿರುವುದು ನಡೆಯುವಾಗ ಗೊತ್ತಾಗುವುದಿಲ್ಲ, ಕಿಟಕಿಗಳ ಸಾಲು ಒಂದೊಂದಾಗಿ ತಿರುಗಿಕೊಂಡು ಎದುರಾದಾಗ ಗೊತ್ತಾಗುತ್ತದೆ. ಅದು ದೊಡ್ಡವರ ಭಾಗ. ಇನ್ನೊಂದು ಕಡೆ, ತರಗತಿ ಕೋಣೆಗಳ ಸಾಲು, ಹುಲ್ಲುಹಾಸಿನ ಕಡೆಗೆ ನೆಲದಿಂದಲೇ ಏಳುವ ಗಾಜು. ಬೇಸಿಗೆಯಲ್ಲಿ ಅದನ್ನು ಸರಿಸಿದರೆ ಕೋಣೆಯ ಒಂದು ಗೋಡೆಯೇ ಇಲ್ಲದಂತಾಗುತ್ತದೆ. ಎತ್ತರದ ಕಿಟಕಿಗಳ ಬಗ್ಗೆ ಓದಿದ ಮೇಲೆ ಆ ಗಾಜಿನ ಮುಂದೆ ನಿಂತರೆ, ಮಗುವಿನ ಕಣ್ಣು ಹೊರಗೆ ಹೋದರೆ ಹೋಗಲಿ ಎಂದು ಯಾರೋ ತೀರ್ಮಾನ ಮಾಡಿದ್ದು ಕಾಣುತ್ತದೆ. ಬೀಸಣಿಗೆ ಆಕಾರದ ಸಭಾಂಗಣ, ಅಗಲವಾದ ಓಡಾಟದ ಜಾಗ. ಮಕ್ಕಳ ಭಾಗಕ್ಕೂ ದೊಡ್ಡವರ ಭಾಗಕ್ಕೂ ನಡುವೆ ಎಲ್ಲರೂ ಹಾದು ಹೋಗಲೇಬೇಕಾದದ್ದು ಅದು.

ತರಗತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯ ಹೆಂಗಸು ಅದೇ ಶಾಲೆಯಲ್ಲಿ ಓದಿದವರು. ಹಗಲು ಪಾಠಕ್ಕೆ ಸೈಕಲ್ಲಿನಲ್ಲಿ ಬಂದು, ವಾರಕ್ಕೊಂದು ಸಂಜೆ ತಾಯಿಯ ಜೊತೆ ಮತ್ತೆ ಬರುತ್ತಿದ್ದೆ ಎಂದರು. ತಾಯಿ ನಾಟಕದ ತಾಲೀಮಿಗೆ, ಇವರು ಗ್ರಂಥಾಲಯಕ್ಕೆ. "ಅಮ್ಮ ನನ್ನ ಶಾಲೆಗೆ ಬರುತ್ತಿದ್ದಳು ಅಂತ ನನಗೆ ಯಾವತ್ತೂ ಅನಿಸಲಿಲ್ಲ. ಅದು ಅವಳ ಜಾಗವೂ ಆಗಿತ್ತು" ಎಂದರು. ಅಷ್ಟು ಹೇಳಿ ಚೀಲದಿಂದ ಕನ್ನಡಕ ತೆಗೆದು ಪಾಠದ ಹಾಳೆಗೆ ತಿರುಗಿದರು. ಮಾರಿಸ್ ಪುಟಗಟ್ಟಲೆ ವಾದಿಸಿದ್ದನ್ನು ಆಕೆ ಎರಡು ವಾಕ್ಯದಲ್ಲಿ ಮುಗಿಸಿದ್ದರು. ಯೋಜನೆ ಸುಳ್ಳಲ್ಲ, ಕಟ್ಟಿದಷ್ಟು ಕಡೆ ಅದು ನಡೆಯಿತು ಎಂಬುದಕ್ಕೆ ನನಗೆ ಆಕೆಯೇ ಸಾಕ್ಷಿ.

ಆದ್ದರಿಂದಲೇ ಕಟ್ಟದೆ ಬಿಟ್ಟದ್ದು ಇನ್ನಷ್ಟು ನೋಯಿಸುತ್ತದೆ. ಇಂಪಿಂಗ್ಟನ್ ಬಾಗಿಲು ತೆರೆದದ್ದು 1939ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳ ಮೊದಲ ದಿನ ಇಡೀ ದೇಶದಲ್ಲಿ ದೀಪ ಮರೆಮಾಡುವ ನಿಯಮ ಜಾರಿಗೆ ಬಂತು. ಬೆಳಕು ತುಂಬಿಕೊಳ್ಳಲೆಂದೇ ಗಾಜಿನಿಂದ ಕಟ್ಟಿದ ಶಾಲೆಗೆ ಮೊದಲ ಚಳಿಗಾಲವೇ ಕಪ್ಪು ಪರದೆಯ ಚಳಿಗಾಲ. ಶಾಲೆ ಬಿಡುವ ವಯಸ್ಸನ್ನು ಹದಿನೈದಕ್ಕೆ ಏರಿಸಬೇಕೆಂದು 1936ರ ಕಾಯ್ದೆ ಗೊತ್ತು ಮಾಡಿದ್ದ ದಿನವೂ ಅದೇ, 1939ರ ಸೆಪ್ಟೆಂಬರ್ 1. ಅದೂ ಮುಂದೆ ಹೋಯಿತು, ಜಾರಿಯಾದದ್ದು 1947ರಲ್ಲಿ. ಹೀಗೆ ಒಂದೇ ದಿನ ಹಳ್ಳಿಯ ಮಕ್ಕಳಿಂದ ಒಂದು ಇಡೀ ವರ್ಷವೂ, ಹಳ್ಳಿಯ ದೊಡ್ಡವರಿಂದ ಸಂಜೆಯ ಬೆಳಕೂ ಹೋದವು. ಇದಕ್ಕೆ ಯಾರನ್ನೂ ದೂರುವಂತಿಲ್ಲ, ಯುದ್ಧ ಯುದ್ಧವೇ. ಆದರೆ ಯುದ್ಧದ ಹದಿನೈದು ವರ್ಷ ಮುಂಚೆ ಬರೆದ ಯೋಜನೆಗೆ ಯುದ್ಧ ಬರುವ ತನಕ ಸಮಯವಿತ್ತು. ಹತ್ತರಲ್ಲಿ ಆರು ಊರುಗಳು ಕಾಯುತ್ತಲೇ ಇದ್ದವು.

ಒಪ್ಪಲಾಗದ ಒಂದು ಮಾತು

ಮಾರಿಸ್ ಅವರನ್ನು ಮೆಚ್ಚಿದ ಮಾತ್ರಕ್ಕೆ ಅವರ ಎಲ್ಲ ಲೆಕ್ಕವೂ ಸರಿ ಎಂದು ಒಪ್ಪಬೇಕಿಲ್ಲ. ದೊಡ್ಡ ಊರಿನಲ್ಲಿ ಕಾಲೇಜು ಕಟ್ಟಿದರೆ ಚಿಕ್ಕ ಊರಿನಿಂದ ಹನ್ನೊಂದು ದಾಟಿದ ಮಕ್ಕಳೆಲ್ಲ ಬೆಳಗ್ಗೆ ಬಸ್ಸು ಹತ್ತಿಯೋ ಸೈಕಲ್ ತುಳಿದೋ ಹೊರಡುತ್ತಾರೆ. ಅಲ್ಲಿ ಉಳಿಯುವುದು ಸಣ್ಣ ಮಕ್ಕಳ ಶಾಲೆ. ಮಕ್ಕಳ ಸಂಖ್ಯೆ ಕುಸಿದಾಗ ಮೊದಲು ಮುಚ್ಚುವುದೂ ಅದೇ. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಹಳೆಯ ಶಾಲೆಯ ಕಟ್ಟಡ ಇಂದು ಯಾರದ್ದೋ ವಾಸದ ಮನೆ. ಎತ್ತರದ ಕಿಟಕಿಗಳನ್ನು ಹಾಗೆಯೇ ಉಳಿಸಿಕೊಂಡು ಚೆಂದ ಮಾಡಿರುತ್ತಾರೆ. ಹಳ್ಳಿಗಾಡನ್ನು ಉಳಿಸಬೇಕೆಂದು ಬರೆದ ಯೋಜನೆ ದೊಡ್ಡ ಹಳ್ಳಿಯನ್ನು ಇನ್ನಷ್ಟು ದೊಡ್ಡದಾಗಿಸಿ ಚಿಕ್ಕದನ್ನು ಖಾಲಿ ಮಾಡುವ ದಾರಿಗೂ ಸೇರಿಕೊಂಡಿತು. ಮಾರಿಸ್ ಇದಕ್ಕೆ ಕೊಡಬಹುದಾಗಿದ್ದ ಉತ್ತರ ನನಗೆ ಗೊತ್ತು: ಪರದೆ ಎಳೆದ ಒಂದೇ ಕೋಣೆಯಲ್ಲಿ ಹದಿಮೂರರ ಹುಡುಗನಿಗೆ ವಿಜ್ಞಾನ ಹೇಗೆ ಕಲಿಸುತ್ತೀರಿ? ಉತ್ತರ ಸರಿಯಾದದ್ದೇ. ಆದರೂ ಬೆಳಗ್ಗೆ ಬಸ್ಸು ಹೊರಟ ಮೇಲೆ ಆ ಚಿಕ್ಕ ಊರಿನಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಇದಕ್ಕೆ ಮದ್ದು ಯೋಜನೆಯೊಳಗೇ ಇತ್ತು, ಮತ್ತು ಅದೇ ಕಟ್ಟಡವಾಗದೆ ಹೋಯಿತು ಎಂಬುದು ನನ್ನ ವಾದ. ಚಿಕ್ಕ ಊರಿನ ಅಪ್ಪ ಅಮ್ಮಂದಿರೂ ಸಂಜೆ ಅಲ್ಲಿಗೆ ಬರಬೇಕಿತ್ತು. ಬಂದರಷ್ಟೇ ಮಕ್ಕಳನ್ನು ಕಳಿಸಿದ್ದಕ್ಕೆ ಬದಲಾಗಿ ಊರಿಗೆ ಏನಾದರೂ ಸಿಕ್ಕಂತೆ. ಹತ್ತು ಕಾಲೇಜುಗಳು ಕೌಂಟಿಯ ತುಂಬ ಹರಡಿದ್ದರೆ ಯಾವ ಹಳ್ಳಿಗೂ ಅದು ತೀರ ದೂರವಾಗುತ್ತಿರಲಿಲ್ಲ. ನಾಲ್ಕೇ ಆದಾಗ ದಿನವಿಡೀ ಹೊಲದಲ್ಲಿ ದುಡಿದವನಿಗೆ ಆ ದೂರ ದೂರವೇ. ಮೂರು ವರ್ಷದ ಮಗುವಿನಿಂದ ಮುದುಕರವರೆಗೆ ಎಂದು ಬರೆದಿದ್ದರಲ್ಲಿ ಕಾನೂನು ಕಡ್ಡಾಯ ಮಾಡಿದ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿಗೆ ತಕರಾರಿಲ್ಲದೆ ಹಣ ಸಿಕ್ಕಿತು. ಅದರ ಆಚೀಚೆಯ ಎಲ್ಲಕ್ಕೂ ದಾನಿಗಳ ಬಾಗಿಲು ತಟ್ಟಬೇಕಾಯಿತು. ಸಂಜೆಯ ಭಾಗ ಕಾರ್ನೆಗಿಗೆ, ವಾಸ್ತುಶಿಲ್ಪ ಪ್ರಿಚರ್ಡ್‌ಗೆ, ಶಿಲ್ಪ ಯಾರಿಗೂ ಇಲ್ಲ. ತುಪ್ಪವಿಲ್ಲದೆ ಬಡಿಸಿದ ಹೋಳಿಗೆಯನ್ನು ತಿಂದು ರುಚಿಯ ತೀರ್ಪು ಕೊಟ್ಟಂತೆ, ಈ ಅರ್ಧ ಯೋಜನೆಯನ್ನು ನೋಡಿ ಹಳ್ಳಿಯವರಿಗೆ ಸಂಜೆಯ ಶಾಲೆ ಒಗ್ಗುವುದಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ.

ಕಲೆ, ಕಟ್ಟಡ ಇವೆಲ್ಲ ಹೊಟ್ಟೆ ತುಂಬಿದ ಮೇಲಿನ ಮಾತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಾರಿಸ್ ಇದನ್ನು ಕೇಳಿಸಿಕೊಂಡು ಸುಮ್ಮನಾಗುತ್ತಿರಲಿಲ್ಲ. ಶಾಲೆಯ ಕಟ್ಟಡ ಕಲಾಕೃತಿಯಾಗದಿದ್ದರೆ ಅಷ್ಟರಮಟ್ಟಿಗೆ ಅದು ಶಿಕ್ಷಣದ ಸೋಲೇ ಎಂಬುದು ಅವರ ನಿಲುವು. ವಾರಕ್ಕೆ 25 ಶಿಲಿಂಗ್ ಕೂಲಿಯವನ ಮಗನಿಗೆ ಗ್ರೋಪಿಯಸ್ ಯಾಕೆ ಎಂದು ಕೇಳುವವರು, ಕೇಂಬ್ರಿಜ್‌ನ ಕಾಲೇಜುಗಳಲ್ಲಿ ಓದುವ ಜಮೀನುದಾರನ ಮಗನಿಗೆ ಕೆತ್ತನೆಯ ಕಲ್ಲಿನ ಪ್ರಾರ್ಥನಾಮಂದಿರ ಯಾಕೆ ಎಂದು ಎಂದೂ ಕೇಳಿದವರಲ್ಲ. ಎರಡೂ ಹತ್ತು ಮೈಲಿಯೊಳಗೆ, ಒಂದೇ ಕೌಂಟಿಯಲ್ಲಿ ಇದ್ದವು. ಒಂದು ಕಡೆ ಸೌಂದರ್ಯ ಹಕ್ಕು, ಇನ್ನೊಂದು ಕಡೆ ದುಂದು. ಈ ಭೇದವನ್ನು ಅಲುಗಿಸಲು ನೋಡಿದ್ದಕ್ಕಾಗಿಯೇ ಮಾರಿಸ್ ನನಗೆ ದೊಡ್ಡವರು.

ಯುದ್ಧದ ನಂತರ ಮತ್ತಷ್ಟು ಗ್ರಾಮ ಕಾಲೇಜುಗಳು ಬಂದವು: ಬ್ಯಾಸಿಂಗ್‌ಬರ್ನ್ 1954ರಲ್ಲಿ, ಕಾಂಬರ್ಟನ್ 1960ರಲ್ಲಿ, ಇನ್ನೂ ಕೆಲವು. ಎಣಿಕೆಯಲ್ಲಿ ನೋಡಿದರೆ ಹತ್ತು ಎಂಬ ಮಾತು ತಡವಾಗಿಯಾದರೂ ಈಡೇರಿತು ಎನ್ನಬಹುದು. ಆದರೆ 1944ರ ಶಿಕ್ಷಣ ಕಾಯ್ದೆಯ ನಂತರ ಅವು ಮೊದಲು ಪ್ರೌಢಶಾಲೆಗಳು, ಆಮೇಲೆ ಉಳಿದದ್ದು. ಮೂರು ವರ್ಷದ ಮಗುವೂ ಎಂಬತ್ತರ ಮುದುಕನೂ ಒಂದೇ ಅಂಗಳದಲ್ಲಿ ಎಂಬ ಆ ಒಂದು ಸಾಲು 1924ರ ಕಾಗದದಲ್ಲೇ ಉಳಿದಿದೆ. ಮಾರಿಸ್ 1954ರಲ್ಲಿ ನಿವೃತ್ತರಾದರು. ಕೈಕಟ್ಟಿ ಕೂರುವ ಜೀವವಾಗಿರಲಿಲ್ಲ. ಹರ್ಟ್‌ಫರ್ಡ್‌ಶೈರ್‌ನ ಡಿಗ್ಸ್‌ವೆಲ್ ಎಂಬಲ್ಲಿ ಒಂದು ಹಳೆಯ ದೊಡ್ಡ ಮನೆಯನ್ನು ಹಿಡಿದು, ಕಲಾವಿದರು ಬಂದು ಇದ್ದು ಕೆಲಸ ಮಾಡಲೆಂದು 1957ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಕುಂಬಾರಿಕೆಯ ಕಲಾವಿದ ಹಾನ್ಸ್ ಕೋಪರ್ ಅಲ್ಲಿ ಬಂದು ನೆಲೆಸಿ, ಚಕ್ರ ಹೂಡಿ ವರ್ಷಗಟ್ಟಲೆ ಕೆಲಸ ಮಾಡಿದರು. ಜಾಗ, ಒಂದಿಷ್ಟು ಸಮಯ, ಪಕ್ಕದಲ್ಲಿ ಬೇರೆ ಜನ, ಇಷ್ಟಿದ್ದರೆ ಮನುಷ್ಯರು ಕಲಿಯುತ್ತಲೇ ಇರುತ್ತಾರೆ ಎಂಬ ನಂಬಿಕೆಯನ್ನು ಅವರು 1961ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.